ಮೊದಲ ಗೀಟು

"ಗುರುಗಳೇ, ಕೊಳ್ಳುವವನಿಗೆ ತಲೆಬಾಗದೆ ಕೆಲಸ ಮಾಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮರಿಸ್ವಾಮಿ. ಚಿತ್ರ ಬರೆಯುವವನು. ಪಟ್ಟಣದಿಂದ ನಡೆದು ಬಂದಿದ್ದ. ಪ್ರಶ್ನೆ ಕೇಳಿದವನು ಉತ್ತರಕ್ಕೆ ಕಾಯದೆ ತಾನೇ ಮಾತಾಡತೊಡಗಿದ. ಪಟ್ಟಣದಲ್ಲಿ ಚಿತ್ರ ಮಾರುವ ಅಂಗಡಿಯವನೊಬ್ಬನಿದ್ದಾನೆ. ಅವನಿಗೆ ಚಿತ್ರದ ಗಂಧವೂ ಇಲ್ಲ. ಕೈಯ ಐದು ಬೆರಳಿಗೂ ಉಂಗುರ. ಚಿತ್ರದ ಕಡೆ ನೋಡುವ ಮೊದಲು ಅದರ ಅಳತೆ ಕೇಳುತ್ತಾನೆ. ಆಕಾಶಕ್ಕೆ ಇನ್ನಷ್ಟು ಕೆಂಪು ಹಚ್ಚು ಎನ್ನುತ್ತಾನೆ. ಅವನು ಏನೇನು ಕೇಳಿದ, ತಾನು ಏನೇನು ಆಗುವುದಿಲ್ಲ ಎಂದ, ಎಲ್ಲವನ್ನೂ ಮರಿಸ್ವಾಮಿ ಬಿಡದೆ ಹೇಳಿದ. ಆರು ವರ್ಷದ ಜಗಳ. ಹೇಳಿ ಮುಗಿಸುವ ಹೊತ್ತಿಗೆ ಜಗಲಿಯ ಮೇಲಿದ್ದ ಬಿಸಿಲು ಅಂಗಳಕ್ಕೆ ಇಳಿದಿತ್ತು.

"ನನಗೆ ಸಾಕಾಗಿದೆ ಗುರುಗಳೇ" ಎಂದ ಕೊನೆಗೆ.

ಗುರುಗಳಿಗೂ ವಯಸ್ಸಾಗಿತ್ತು. ಮೊದಲಾದರೆ ಇಂಥ ಪ್ರಶ್ನೆಗೆ ಅವರ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು.

"ಉಪದೇಶ ಮಾಡಿ ಮಾಡಿ ನನಗೂ ಸಾಕಾಗಿದೆಯಪ್ಪ" ಎಂದರು. "ಒಂದು ಕತೆ ಇದೆ. ಕೇಳುವುದಾದರೆ ಕೇಳು. ನಿದ್ದೆ ಬಂದರೆ ಅಲ್ಲೇ ಒರಗು, ನಾನೇನೂ ಅಂದುಕೊಳ್ಳುವುದಿಲ್ಲ."

ಮರಿಸ್ವಾಮಿ ಒರಗಲಿಲ್ಲ. ಗುರುಗಳು ಹೇಳಿದರು.

ಒಂದು ಊರು. ಆ ಊರಿನಲ್ಲಿ ಮರದ ಬೊಂಬೆ ಮಾಡುವವರ ಮನೆಗಳು ಹತ್ತೋ ಹನ್ನೆರಡೋ ಇದ್ದವು. ದಸರೆಗೆ ಮನೆಯಲ್ಲಿ ಬೊಂಬೆ ಕೂರಿಸುತ್ತಾರಲ್ಲ, ಹಳೆಯ ಬೊಂಬೆಗಳ ಜೊತೆ ಪ್ರತಿವರ್ಷ ಹೊಸದೊಂದನ್ನಾದರೂ ಇಡಬೇಕು ಎನ್ನುತ್ತಾರೆ. ಸುತ್ತಮುತ್ತಲ ಮನೆಗಳಿಗೆ ಆ ಹೊಸ ಬೊಂಬೆ ಈ ಊರಿನಿಂದ ಹೋಗುತ್ತಿತ್ತು.

ಬೊಂಬೆಯವರಿಗೆ ಒಂದು ಕಟ್ಟಳೆ ಇತ್ತು. ಯುಗಾದಿಯ ಬೆಳಿಗ್ಗೆ ಎದ್ದವನು ಯಾರೊಡನೆಯೂ ಮಾತಾಡಬಾರದು. ಹೆಂಡತಿಯೊಡನೆಯೂ ಆಡಬಾರದು. ಸ್ನಾನ ಮಾಡಿ, ಒಣಗಿದ ಹಾಲೆ ಮರದ ತುಂಡೊಂದನ್ನು ಮುಂದಿಟ್ಟುಕೊಂಡು ಕೂರಬೇಕು. ಇದ್ದಿಲಿನಿಂದ ಅದರ ಮೇಲೆ ಮೊದಲ ಗೀಟು ಹಾಕಬೇಕು. ಬೇವುಬೆಲ್ಲ ಆಮೇಲೆ, ಮಾತು ಆಮೇಲೆ. ಆ ವರ್ಷದ ಹೊಸ ಬೊಂಬೆ ಆ ಗೀಟಿನಿಂದ ಹುಟ್ಟಬೇಕು. ಉಳಿದಂತೆ ರಾಜನನ್ನೋ ರಾಣಿಯನ್ನೋ ಯಾರು ಕೇಳಿದರೆ ಅವರಿಗೆ, ಹೇಗೆ ಬೇಕೋ ಹಾಗೆ ಮಾಡಿಕೊಡಲಿ, ತಕರಾರಿಲ್ಲ. ಹೀಗೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೆಲವರು ಕೂತ ಕೂಡಲೇ ಗೀಟು ಹಾಕಿ ಏಳುತ್ತಿದ್ದರು. ಕೆಲವರು ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಮನೆಯ ಹೆಂಗಸರು ಹೋಳಿಗೆ ಮುಚ್ಚಿಟ್ಟು, ಬಾಗಿಲಲ್ಲಿ ನಿಂತು, ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದರು.

ಆ ಊರಿನಲ್ಲಿ ಒಬ್ಬ ಬೊಂಬೆಯವನು. ಕೆಲಸದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಕಣ್ಣೆದುರು ಕಂಡವರನ್ನು ಮಾಡುತ್ತಿದ್ದ. ಒಂದು ವರ್ಷ ಅಂಗಾಲಿನ ಮುಳ್ಳು ತೆಗೆಯುವ ಹೆಂಗಸನ್ನು ಮಾಡಿದ. ಇನ್ನೊಂದು ವರ್ಷ ಊಟವಾದ ಮೇಲೆ ಎಲೆಯ ಮುಂದೆಯೇ ತೂಕಡಿಸುವ ಮುದುಕನನ್ನು ಮಾಡಿದ. ಕೊಳ್ಳುವವರು ಹೆಚ್ಚಿರಲಿಲ್ಲ. ಕೊಂಡವರು ಮಾತ್ರ ಮುಂದಿನ ವರ್ಷ ದಾರಿ ಕೇಳಿಕೊಂಡು ಅವನ ಮನೆಗೇ ಬರುತ್ತಿದ್ದರು. ರಾಜರಾಣಿಯರನ್ನು ಮಾರಿ ಅವನ ಸಂಸಾರ ಹೇಗೋ ನಡೆಯುತ್ತಿತ್ತು.

ಒಂದು ವರ್ಷ ಯುಗಾದಿ ಕಳೆದು ಹದಿನೈದು ದಿನಕ್ಕೆ ಪಟ್ಟಣದಿಂದ ಒಬ್ಬ ವ್ಯಾಪಾರಿ ಬಂದ. ಬೊಂಬೆಯವನ ಮುಂದೆ ಅರ್ಧ ಕೆತ್ತಿದ ಬೊಂಬೆ ಇತ್ತು. ಸೊಂಟದ ಮೇಲೆ ಮಗುವನ್ನು ಎತ್ತಿಕೊಂಡು, ಉಳಿದ ಒಂದೇ ಕೈಯಲ್ಲಿ ತುರುಬು ಕಟ್ಟಿಕೊಳ್ಳಲು ಹೆಣಗುವ ಹೆಂಗಸು. ವ್ಯಾಪಾರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ನನಗೆ ಬೇಕಾಗಿದ್ದು ಇದೇ ಆಚಾರ್ರೆ. ಇಂಥವು ಇನ್ನೂರು ಮಾಡಿಕೊಡಿ. ಮುಖದಲ್ಲಿ ಒಂಚೂರು ನಗು ಬರಲಿ. ಸೀರೆಗೆ ಗಿಳಿಹಸಿರು ಹಾಕಿ, ಪಟ್ಟಣದವರಿಗೆ ಅದು ಹಿಡಿಸುತ್ತೆ" ಎಂದ.

"ಮಗು ಅಳ್ತಿರುತ್ತೆ, ತುರುಬು ಬಿಚ್ಚಿಹೋಗಿರುತ್ತೆ. ಅವಳು ಯಾಕೆ ನಗ್ತಾಳೆ ಸಾಹುಕಾರ್ರೆ?" ಎಂದ ಬೊಂಬೆಯವನು. "ಇನ್ನೂರು ಸಲ ನನ್ನ ಕೈಲಿ ಇದು ಆಗೋದೂ ಇಲ್ಲ."

ವ್ಯಾಪಾರಿ ಸಿಟ್ಟಾಗಲಿಲ್ಲ. ಪಕ್ಕದ ಮನೆಗೆ ಹೋದ. ಪಕ್ಕದ ಮನೆಯವನು ನಗುವ ಹೆಂಗಸರನ್ನು ಇನ್ನೂರು ಮಾಡಿಕೊಟ್ಟ.

ಇಲ್ಲಿಯವರೆಗೆ ನಮ್ಮ ಬೊಂಬೆಯವನದು ಏನೂ ತಪ್ಪಿಲ್ಲ. ಆಗುವುದಿಲ್ಲ ಎಂದ, ಅಷ್ಟಕ್ಕೆ ಮುಗಿಯಿತು. ಮತ್ತೆ ಉಳಿ, ಬಾಚಿ ಹಿಡಿದು ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕೂತಾಗ ಬೊಂಬೆ ಮೊದಲಿನ ಹಾಗೆ ಕಾಣಲಿಲ್ಲ. ವ್ಯಾಪಾರಿಗೆ ಇಷ್ಟವಾದ ಬೊಂಬೆ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಅಂಥವನಿಗೆ ಇಷ್ಟವಾಗಬೇಕಾದರೆ ಇದರಲ್ಲೇ ಏನೋ ಕೆಟ್ಟದ್ದಿರಬೇಕು ಅಂದುಕೊಂಡ. ಕೊಡಲಿ ತಂದು ಬೊಂಬೆಯನ್ನು ಎರಡು ಹೋಳು ಮಾಡಿದ. ಹೆಂಡತಿ ಹೋಳುಗಳನ್ನು ಎತ್ತಿಕೊಂಡು ಹೋಗಿ ನೀರೊಲೆಗೆ ಹಾಕಿದಳು.

ಸುದ್ದಿ ಊರಲ್ಲೆಲ್ಲ ಹರಡಿತು. ಬಂದ ವ್ಯಾಪಾರಿಯನ್ನು ವಾಪಸು ಕಳಿಸಿದ, ಅವನು ಮುಟ್ಟಿದ ಬೊಂಬೆಯನ್ನೂ ಒಡೆದು ಹಾಕಿದ ಎಂದು ಜನ ಹೊಗಳಿದರು. ಹೊಗಳಿಕೆ ಅವನಿಗೆ ಹಿತವಾಯಿತು. ಯಾರಿಗೆ ಆಗುವುದಿಲ್ಲ ಹೇಳು? ನನಗೂ ಒಂದು ಕಾಲದಲ್ಲಿ ಆಗುತ್ತಿತ್ತು.

ಮುಂದಿನ ಯುಗಾದಿ ಬಂತು. ಬೊಂಬೆಯವನು ಕಟ್ಟಳೆಯಂತೆ ಮಾತಿಲ್ಲದೆ ಎದ್ದ, ಮಿಂದ, ಮರದ ತುಂಡಿನ ಮುಂದೆ ಕೂತ. ಇದ್ದಿಲು ಕೈಗೆ ತೆಗೆದುಕೊಂಡ. ಏನೋ ಮನಸ್ಸಿಗೆ ಬಂತು. ಅದರ ಬೆನ್ನಿಗೇ ಒಂದು ಅನುಮಾನವೂ ಬಂತು. ಇವತ್ತು ನಾನು ಗೀಟು ಹಾಕಿದ್ದನ್ನೇ ವ್ಯಾಪಾರಿ ಬಂದು ಕೇಳಿಬಿಟ್ಟರೆ? ಆಗ ಮತ್ತೆ ಒಡೆಯಬೇಕು. ಒಡೆಯದಿದ್ದರೆ ಕೊನೆಗೂ ಬಗ್ಗಿದ ಎಂದು ಊರು ಆಡಿಕೊಳ್ಳುತ್ತದೆ. ಮೊದಲು ಅವನು ಬಂದು ಹೋಗಲಿ. ಅವನಿಗೆ ಏನು ಬೇಕೋ ತಿಳಿದುಕೊಂಡು, ಅದನ್ನು ಬಿಟ್ಟು ಬೇರೆ ಮಾಡಿದರೆ ಆಯಿತು.

ಹಾಗೆಂದುಕೊಂಡು ಇದ್ದಿಲನ್ನು ಕೆಳಗಿಟ್ಟ. ಗೀಟು ಹಾಕದೆ ಬೇವುಬೆಲ್ಲ ತಿಂದ. ಅವನ ವಂಶದಲ್ಲಿ ಹಾಗೆ ತಿಂದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ. ಹೋಳಿಗೆ ಬಿಸಿಯಾಗಿರುವಾಗಲೇ ಎದ್ದು ಬಂದನಲ್ಲ ಎಂದು ಹೆಂಡತಿಗೆ ಆಶ್ಚರ್ಯವಾಯಿತು. ಒಂದು ಗಳಿಗೆ ಸಂತೋಷವೂ ಆಯಿತು.

ಹದಿನೈದು ದಿನಕ್ಕೆ ವ್ಯಾಪಾರಿ ಬಂದ. ಪಕ್ಕದ ಮನೆಗೆ ಹೊರಟಿದ್ದವನನ್ನು ಬೊಂಬೆಯವನೇ ಕರೆದು ಕೂರಿಸಿದ. ಈ ಸಲ ಪಟ್ಟಣದಲ್ಲಿ ಏನು ಕೇಳುತ್ತಾರೆ ಎಂದು ವಿಚಾರಿಸಿದ. ಮೈತುಂಬ ಒಡವೆ ಹೇರಿದ ದೇವರುಗಳನ್ನು ಕೇಳುತ್ತಾರೆ ಎಂದು ವ್ಯಾಪಾರಿ ಹೇಳಿದ. ಅವನು ಅತ್ತ ಹೋದ ಮೇಲೆ ಬೊಂಬೆಯವನು ಇತ್ತ ಇದ್ದಿಲು ತೆಗೆದುಕೊಂಡು, ಲಂಗೋಟಿಯ ಭಿಕ್ಷುಕನಿಗೆ ಗೀಟು ಹಾಕಿದ.

ಅಂದಿನಿಂದ ಅದೇ ರೂಢಿಯಾಯಿತು. ವ್ಯಾಪಾರಿ ಚಿಕ್ಕದು ಎಂದರೆ ಇವನು ದೊಡ್ಡದು ಮಾಡಿದ. ಅವನು ಕೆಂಪು ಎಂದರೆ ಇವನು ನೀಲಿ ಹಚ್ಚಿದ. ಉಳಿದ ಬೊಂಬೆಯವರೆಲ್ಲ ಯುಗಾದಿಯ ಬೆಳಿಗ್ಗೆ ಬಾಯಿ ಮುಚ್ಚಿ ಕೂತಿದ್ದರೆ, ಇವನೊಬ್ಬನು ವ್ಯಾಪಾರಿ ಬರುವ ದಿನವನ್ನು ಎದುರು ನೋಡುತ್ತಿದ್ದ. ಆದರೂ ಯಾರ ಮಾತೂ ಕೇಳದ ಕಲಾವಿದ ಎಂದು ಹೆಸರಾದವನು ಇವನೇ. ದೂರದೂರುಗಳಿಂದ ಜನ ನೋಡಲು ಬರುತ್ತಿದ್ದರು. ಬಂದವರ ಮುಂದೆ ವ್ಯಾಪಾರಿಯ ಕತೆ ಹೇಳಲು ಕೂತನೆಂದರೆ ಊಟಕ್ಕೆ ಎಲೆ ಹಾಕಿದರೂ ಏಳುತ್ತಿರಲಿಲ್ಲ.

ವ್ಯಾಪಾರಿ ದಡ್ಡನಲ್ಲ. ದಡ್ಡರು ಆ ಕೆಲಸಕ್ಕೆ ಹೋಗುವುದಿಲ್ಲ. ಮೂರು ವರ್ಷ ನೋಡಿದ. ನಾಲ್ಕನೆಯ ವರ್ಷ ಪಟ್ಟಣದಲ್ಲಿ ನಗುವ ಬೊಂಬೆ ಕೇಳುತ್ತಿದ್ದರು. ಇವನ ಬಳಿಗೆ ಬಂದು ಅಳುವ ಬೊಂಬೆ ಬೇಕು ಎಂದ. ಬೊಂಬೆಯವನು ಹಟ ಹಿಡಿದು ನಗುವ ಬೊಂಬೆ ಮಾಡಿದ. ಒಂದಲ್ಲ, ಅರವತ್ತು ಮಾಡಿದ. ಇನ್ನೂರು ಸಲ ಆಗದ ಕೈಯಲ್ಲಿ ಸಿಟ್ಟಿಗೆ ಅರವತ್ತು ಆದವು. ವ್ಯಾಪಾರಿ ಮುಖ ಹುಳ್ಳಗೆ ಮಾಡಿಕೊಂಡ.

"ಇದನ್ನ ಯಾರು ತಗೋತಾರೆ ಆಚಾರ್ರೆ? ಏನೋ, ನಿಮ್ಮ ಮುಖ ನೋಡಿಕೊಂಡು ಒಯ್ತೀನಿ" ಎಂದು ಎಲ್ಲವನ್ನೂ ಗಾಡಿಗೆ ತುಂಬಿಸಿದ.

ಆ ಹುಳ್ಳಗಿನ ಮುಖ ನೋಡುವುದೆಂದರೆ ಬೊಂಬೆಯವನಿಗೆ ಹಬ್ಬ. ವರ್ಷ ವರ್ಷ ಅದನ್ನು ನೋಡುವುದಕ್ಕಾಗಿಯೇ ದುಡಿದ. ವ್ಯಾಪಾರಿಯೂ ವರ್ಷ ವರ್ಷ ಅದನ್ನು ತಪ್ಪದೆ ತೋರಿಸಿದ.

ಒಂದು ದಸರೆಗೆ ಬೊಂಬೆಯವನ ಹೆಂಡತಿ ಪಟ್ಟಣದಲ್ಲಿದ್ದ ತಂಗಿಯ ಮನೆಗೆ ಹೋದಳು. ಅರಿಶಿನ ಕುಂಕುಮಕ್ಕೆ ಕರೆದ ಮನೆಗಳಲ್ಲೆಲ್ಲ ಗಂಡ ಮಾಡಿದ ಬೊಂಬೆಗಳೇ ಕೂತಿದ್ದವು. ಈ ಸಲ ಎಲ್ಲರಿಗೂ ಇದೇ ಬೇಕಂತೆ, ವ್ಯಾಪಾರಿ ಎಲ್ಲಿಂದಲೋ ಹುಡುಕಿ ತಂದನಂತೆ ಎಂದು ಹೆಂಗಸರು ಮಾತಾಡಿಕೊಂಡರು. ಅವಳು ಬುದ್ಧಿವಂತೆ. ಅಲ್ಲೇ ಕೂತು ಎಲ್ಲ ಅರ್ಥ ಮಾಡಿಕೊಂಡಳು. ಗಂಡನಿಗೆ ಹೇಳಬೇಕೆಂದೇ ಊರಿಗೆ ಬಂದಳು. ಬಂದಾಗ ಅವನು ಯಾರ ಮುಂದೆಯೋ, ತಾನು ವ್ಯಾಪಾರಿಗೆ ಮಣ್ಣು ಮುಕ್ಕಿಸಿದ್ದನ್ನು ಹೇಳಿ ನಗುತ್ತಿದ್ದ. ಅವಳು ಕಾಲು ತೊಳೆದು ಒಳಗೆ ಹೋದಳು. ಹೇಳಿದರೆ ಮತ್ತೆ ಕೊಡಲಿ ಹುಡುಕುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅವನ ಹಟದ ಜೊತೆ ಬಾಳಿ ಬಾಳಿ ಅವಳಿಗೆ ದಣಿವಾಗಿತ್ತು.

ಹೀಗೇ ವರ್ಷಗಳು ಹೋದವು. ಒಂದು ವರ್ಷ, ಯುಗಾದಿಗೆ ತಿಂಗಳಿದೆ ಎನ್ನುವಾಗ, ಬೊಂಬೆಯವನ ತಾಯಿ ತೀರಿಕೊಂಡಳು. ಆ ವರ್ಷ ಅವನಿಗೆ ಹಟ ಗಿಟ ಏನೂ ಬೇಡವಾಗಿತ್ತು. ಮೊರದಲ್ಲಿ ಅಕ್ಕಿ ಹರಡಿಕೊಂಡು, ಕಣ್ಣು ಸರಿಯಾಗಿ ಕಾಣದೆ ಕಲ್ಲನ್ನು ಬೆರಳಲ್ಲೇ ತಡಕಿ ಹುಡುಕುತ್ತಿದ್ದ ತಾಯಿಯನ್ನು ಮಾಡಬೇಕು ಎನಿಸಿತು. ತುಂಬ ಎನಿಸಿತು. ಯುಗಾದಿಯ ಬೆಳಿಗ್ಗೆ ಮರದ ಮುಂದೆ ಕೂತ. ಇದ್ದಿಲು ಮರಕ್ಕೆ ಮುಟ್ಟಿತು. ಆದರೂ, ಹದಿನೈದು ದಿನ ತಾನೇ, ಅವನು ಬಂದು ಹೋಗಲಿ ಎಂದು ಎದ್ದ.

ವ್ಯಾಪಾರಿ ಬಂದ. ಅವನಿಗೆ ತಾಯಿ ಸತ್ತ ವಿಷಯ ತಿಳಿಯದು. ಆ ವರ್ಷ ಪಟ್ಟಣದಲ್ಲಿ ಕುಸ್ತಿಯ ಹುಚ್ಚು. ಪೈಲ್ವಾನರ ಬೊಂಬೆ ಬೇಕಾಗಿತ್ತು. ಆದ್ದರಿಂದ ಅವನು, "ಈ ಸಲ ಮುದುಕಿಯರನ್ನ ಮಾಡಿ ಆಚಾರ್ರೆ, ಬೊಚ್ಚುಬಾಯಿ ಅಜ್ಜಿಯರು" ಎಂದ.

ಬೊಂಬೆಯವನು ಇದ್ದಿಲು ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟ. ವ್ಯಾಪಾರಿ ಹೇಳಿದ ಮೇಲೆ ತಾಯಿಯನ್ನು ಮಾಡುವುದು ಹೇಗೆ? ಮಾಡಿದರೆ ಅವನು ಹೇಳಿದ್ದನ್ನು ಮಾಡಿದ ಹಾಗಾಗುತ್ತದೆ. ತಾಯಿಗಾಗಿ ಮಾಡಿದ್ದು ಎಂದರೆ ಯಾರು ನಂಬುತ್ತಾರೆ? ಮುಂದಿನ ವರ್ಷ ಮಾಡಿದರಾಯಿತು ಎಂದು ಸಮಾಧಾನ ಮಾಡಿಕೊಂಡು, ಪೈಲ್ವಾನನಿಗೆ ಗೀಟು ಹಾಕಿದ. ಅದನ್ನು ಕೆತ್ತುವಾಗ ಒಂದೆರಡು ಸಲ ಅತ್ತ. ಪೈಲ್ವಾನ ಚೆನ್ನಾಗಿಯೇ ಬಂದ, ಅಂಥವರನ್ನೇ ಗಾಡಿ ತುಂಬ ಮಾಡಿದ. ಮುಂದಿನ ವರ್ಷ ಇನ್ನೇನೋ ಬಂತು.

ಆಮೇಲೆ ವ್ಯಾಪಾರಿಯೂ ಮುದುಕನಾದ. ಒಂದು ಚಳಿಗಾಲದಲ್ಲಿ ತೀರಿಕೊಂಡ. ಯುಗಾದಿ ಕಳೆದು ಹದಿನೈದು ದಿನಕ್ಕೆ ಅವನ ಅಳಿಯ ಬಂದ. ಒಳ್ಳೆಯವನು. ಚಾಪೆ ಹಾಸಿದರೂ ಅದರ ತುದಿಯಲ್ಲೇ ಕೂತ.

"ಈ ಸಲ ಪಟ್ಟಣದಲ್ಲಿ ಏನು ಕೇಳ್ತಾರೆ?" ಎಂದ ಬೊಂಬೆಯವನು.

"ನನಗೇನು ಗೊತ್ತಾಗುತ್ತೆ ಆಚಾರ್ರೆ, ನಾನು ಬೇಳೆಕಾಳಿನ ವ್ಯಾಪಾರದವನು. ನಿಮ್ಮ ಮನಸ್ಸಿಗೆ ಬಂದಿದ್ದು ಮಾಡಿ. ಏನು ಮಾಡಿದರೂ ತಗೋತೀನಿ."

"ಆದರೂ ನಿಮ್ಮ ಮಾವ ಏನಾದರೂ ಹೇಳಿರಬೇಕಲ್ಲ?"

"ಏನೂ ಹೇಳಿಲ್ಲ."

"ಹೋಗಲಿ, ದೊಡ್ಡದು ಬೇಕೋ ಚಿಕ್ಕದು ಬೇಕೋ?"

"ನಿಮ್ಮಿಷ್ಟ."

ಬೊಂಬೆಯವನಿಗೆ ಸಿಟ್ಟು ಬಂತು. ನಿಮಗೆ ವ್ಯಾಪಾರ ಮಾಡಲು ಬರುವುದಿಲ್ಲ ಎಂದು ಗದರಿದ. ಅಳಿಯ ಏನು ತಪ್ಪಾಯಿತೋ ತಿಳಿಯದೆ ಕೈ ಮುಗಿದು ಹೋದ.

ಅವತ್ತೇ ಬೊಂಬೆಯವನು ಮರದ ಮುಂದೆ ಕೂತ. ಏನೂ ಬರಲಿಲ್ಲ. ಮರುದಿನವೂ ಕೂತ. ಸತ್ತ ವ್ಯಾಪಾರಿ ಇದ್ದಿದ್ದರೆ ಈ ಸಲ ಏನು ಕೇಳುತ್ತಿದ್ದ ಎಂದು ಊಹಿಸಲು ನೋಡಿದ. ಆನೆ ಎನ್ನುತ್ತಿದ್ದ ಅಂದುಕೊಂಡ. ಆನೆ ಬೇಡ ಎಂದರೆ ಏನು? ಆದರೆ ಆನೆ ಎಂದವನು ವ್ಯಾಪಾರಿಯಲ್ಲ, ತಾನೇ ಎಂದು ಅವನಿಗೆ ಗೊತ್ತಿತ್ತು. ತಾನೇ ಹೇಳಿದ್ದಕ್ಕೆ ಆಗುವುದಿಲ್ಲ ಎನ್ನುವುದರಲ್ಲಿ ಏನೂ ಸ್ವಾರಸ್ಯವಿರಲಿಲ್ಲ. ತಾಯಿಯ ನೆನಪಾಯಿತು. ಈಗ ತಡೆಯುವವರು ಯಾರೂ ಇರಲಿಲ್ಲ. ಕಣ್ಣು ಮುಚ್ಚಿ ಕೂತ. ಮೊರ ಕಂಡಿತು, ಅಕ್ಕಿ ಕಂಡಿತು, ಮುಖ ಬರಲಿಲ್ಲ. ಮುಖವಿರಬೇಕಾದ ಕಡೆ ವ್ಯಾಪಾರಿಯ ಹುಳ್ಳಗಿನ ಮುಖ ಬಂತು.

ಮಳೆ ಶುರುವಾಯಿತು. ಊರಿನ ಉಳಿದ ಮನೆಗಳಲ್ಲಿ ಬೊಂಬೆಗಳು ಬಣ್ಣಕ್ಕೆ ಬಂದವು. ಇವನ ಮರದ ಮೇಲೆ ಒಂದು ಗೀಟೂ ಇರಲಿಲ್ಲ.

"ಅವನು ಬದುಕಿರಬೇಕಿತ್ತು ಕಣೇ" ಎಂದ ಒಂದು ದಿನ.

ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಈಗ ಬಚ್ಚಿಟ್ಟು ಪ್ರಯೋಜನವಿಲ್ಲ ಅನಿಸಿತೋ ಏನೋ. ತಂಗಿಯ ಊರಿನಲ್ಲಿ ಕಂಡದ್ದನ್ನು ಹೇಳಿದಳು. ನಗುವ ಬೊಂಬೆಯ ವಿಷಯ ಹೇಳಿದಳು. ಪೈಲ್ವಾನರಿಗಾಗಿ ಜನ ಅಂಗಡಿಯ ಬಾಗಿಲಲ್ಲಿ ನೂಕಾಡಿದರೆಂದು ಆಮೇಲೆ ತಂಗಿಯಿಂದ ಕೇಳಿದ್ದನ್ನೂ ಹೇಳಿದಳು. "ಅವರು ಬದುಕಿದ್ದಾಗ ನೀವು ಮಾಡಿದ್ದೆಲ್ಲ ಅವರಿಗೆ ಬೇಕಾದ್ದನ್ನೇ" ಎಂದಳು.

ಬೊಂಬೆಯವನು ಕೂಗಾಡಲಿಲ್ಲ. ಕೊಡಲಿಯನ್ನೂ ಹುಡುಕಲಿಲ್ಲ.

"ಆಗಲೇ ಯಾಕೆ ಹೇಳಲಿಲ್ಲ?" ಎಂದ.

"ನೀವು ಅವರ ಮಾತು ನಿಲ್ಲಿಸಿದರೆ ತಾನೇ ನಾನು ನನ್ನ ಮಾತು ಹೇಳೋದು" ಎಂದು ಅವಳು ಸೊಪ್ಪಿನ ಕಡ್ಡಿಗಳನ್ನು ಬಾಚಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಆ ದಸರೆಗೆ ಆ ಮನೆಯಿಂದ ಹೊಸ ಬೊಂಬೆ ಹೊರಡಲಿಲ್ಲ. ಅದರ ಮುಂದಿನ ದಸರೆಗೂ ಹೊರಡಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಾತಾಡಿ ಅವರಿಗೆ ಆಯಾಸವಾಗಿತ್ತು. ಚೊಂಬು ಎತ್ತಿ ನೀರು ಕುಡಿದರು.

"ಹಾಗಾದರೆ ಅವನು ಮೊದಲ ಸಲವೇ ಗಿಳಿಹಸಿರು ಹಚ್ಚಿ ಕೊಟ್ಟುಬಿಡಬೇಕಿತ್ತೇ?" ಎಂದ ಮರಿಸ್ವಾಮಿ. ಅವನ ದನಿಯಲ್ಲಿ ಅಸಮಾಧಾನವಿತ್ತು.

"ಪಕ್ಕದ ಮನೆಯವನು ಕೊಟ್ಟನಲ್ಲ. ಅವನ ಕತೆ ಇದಕ್ಕಿಂತ ಬೇಸರದ್ದು. ಇವತ್ತು ಬೇಡ."

ಮರಿಸ್ವಾಮಿ ತಲೆ ಅಲ್ಲಾಡಿಸಿದ.

"ಆ ವ್ಯಾಪಾರಿಯಷ್ಟು ಜಾಣ ನಮ್ಮ ಅಂಗಡಿಯವನಲ್ಲ ಗುರುಗಳೇ. ಅವನದು ಬೇರೆಯೇ ರೀತಿ. ಮೊನ್ನೆ ಏನು ಮಾಡಿದ ಎಂದರೆ..."

ಗುರುಗಳು ಚೊಂಬನ್ನು ಕೆಳಗಿಟ್ಟರು.

"ನಿನ್ನ ಅಂಗಡಿಯವನ ಉಂಗುರಗಳು ಕೂಡ ನನ್ನ ಕಣ್ಣಿಗೆ ಕಟ್ಟಿದ ಹಾಗಿವೆ ಮರಿಸ್ವಾಮಿ. ನೀನು ಬರೆಯುತ್ತಿರುವ ಚಿತ್ರ ಯಾವುದು?"